25ರ ಹುಡುಗರ ಟೀಮಿನಲ್ಲಿ 40 ದಾಟಿದವರು ತಮಾಷೆ ಮಾಡುವುದು ಹೇಗೆ?

"ಟೀಮಿನಲ್ಲಿ ಎಲ್ಲರಿಗೂ 25ರ ಆಸುಪಾಸು. ನನಗೆ 43. ಅವರು ಯಾಕೆ ನಗುತ್ತಾರೆ ಅಂತಲೇ ಗೊತ್ತಾಗಲ್ಲ. ನಾನು ಏನಾದರೂ ಹೇಳಿದರೆ ಮರ್ಯಾದೆಗೆ ಅಂತ ಸ್ವಲ್ಪ ನಕ್ಕು ಮತ್ತೆ ಫೋನ್ ನೋಡುತ್ತಾರೆ." ಓದುಗರಿಂದ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಕೇಳುವವರಲ್ಲಿ ಹೆಚ್ಚಿನವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳವರು. ಬ್ಯಾಂಕಿನವರೂ ಕಾಲೇಜಿನ ಮೇಷ್ಟ್ರುಗಳೂ ಇದ್ದಾರೆ. ನಾನು ಇಲ್ಲಿ ಸಾಫ್ಟ್‌ವೇರ್ ಆಫೀಸನ್ನೇ ಇಟ್ಟುಕೊಂಡು ಬರೆಯುತ್ತೇನೆ. ಉಳಿದವರು ತಮ್ಮ ಜಾಗಕ್ಕೆ ಹೊಂದಿಸಿಕೊಳ್ಳಬಹುದು.

ಇದು ಚಿಲ್ಲರೆ ವಿಷಯ ಅಂತ ತಿಳಿಯಬೇಡಿ. ಆಫೀಸಿನಲ್ಲಿ ಜನ ಯಾರ ಜೊತೆ ನಗುತ್ತಾರೋ ಅವರ ಹತ್ತಿರವೇ ಡೌಟ್ ಕೇಳುತ್ತಾರೆ. ತಪ್ಪಾದಾಗ ಅವರಿಗೇ ಮೊದಲು ಹೇಳುತ್ತಾರೆ. ಊಟಕ್ಕೆ ಹೊರಟಾಗ ಅವರನ್ನೇ ಕರೆಯುತ್ತಾರೆ. ನಗುವಿನಿಂದ ಹೊರಗೆ ಉಳಿದವರು ನಿಧಾನವಾಗಿ ಸುದ್ದಿಯಿಂದಲೂ ಕೆಲಸದಿಂದಲೂ ಹೊರಗೆ ಉಳಿಯುತ್ತಾರೆ. 20 ವರ್ಷದ ಅನುಭವ ಇರುವವರು ಹೀಗೆ ಮೂಲೆಗೆ ಸೇರುವುದು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಹಾಗಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಇದಕ್ಕೆ ಜೋಕುಗಳ ಸಂಗ್ರಹ ಬೇಕಿಲ್ಲ. ವಾಟ್ಸ್ಆಪ್‌ನಲ್ಲಿ ಬಂದ ಜೋಕಂತೂ ಬೇಡವೇ ಬೇಡ. ಬೇಕಾದದ್ದು ಇಷ್ಟು: ಟೀಮಿನ ಪ್ರತಿಯೊಬ್ಬರ ಹೆಸರು ಸರಿಯಾಗಿ ಗೊತ್ತಿರಬೇಕು, ಈ ವಾರ ಯಾರು ಯಾವ ಕೆಲಸದಲ್ಲಿ ಒದ್ದಾಡುತ್ತಿದ್ದಾರೆ ಅನ್ನುವುದು ತಿಳಿದಿರಬೇಕು, ಒಂದೆರಡು ವಾರ ಕಾಯುವ ತಾಳ್ಮೆ ಇರಬೇಕು.

ಹಂತ 1: ಮೊದಲು ಕೇಳಿಸಿಕೊಳ್ಳಿ

ಹೊಸ ಟೀಮಿಗೆ ಹೋದ ದಿನವೇ ತಮಾಷೆ ಶುರು ಮಾಡಬೇಡಿ. ನಗು ಎಲ್ಲಿ ಹುಟ್ಟುತ್ತದೆ ಅಂತ ನೋಡಿ. ಕೆಲವು ಟೀಮುಗಳಲ್ಲಿ ಅದು ಬೆಳಗಿನ ಸ್ಟ್ಯಾಂಡ್‌ಅಪ್ ಶುರುವಾಗುವ ಮೊದಲ ಎರಡು ನಿಮಿಷ. (ಸ್ಟ್ಯಾಂಡ್‌ಅಪ್ ಅಂದರೆ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಒಬ್ಬೊಬ್ಬರೂ ಹೇಳುವ ದಿನದ ಚಿಕ್ಕ ಮೀಟಿಂಗ್.) ಕೆಲವು ಕಡೆ ಟೀ ಕುಡಿಯುವ ಜಾಗ. ಇನ್ನು ಕೆಲವು ಕಡೆ ನಗುವೆಲ್ಲ ಚಾಟ್ ಗ್ರೂಪಿನಲ್ಲೇ ನಡೆಯುತ್ತದೆ, ಎದುರಿಗೆ ಕೂತವರೆಲ್ಲ ಗಂಭೀರವಾಗಿರುತ್ತಾರೆ.

ಅವರು ಯಾವುದಕ್ಕೆ ನಗುತ್ತಾರೆ ಅನ್ನುವುದನ್ನೂ ಗಮನಿಸಿ. ಹೊಸ ಹೊಸ ಮೀಮುಗಳು ಇರುತ್ತವೆ, ನಿಜ. ಆದರೆ ಅರ್ಧಕ್ಕಿಂತ ಜಾಸ್ತಿ ವಿಷಯ ನಿಮಗೂ ಚೆನ್ನಾಗಿ ಗೊತ್ತಿರುವುದೇ. ಶುಕ್ರವಾರ ಸಂಜೆ ಡಿಪ್ಲಾಯ್ ಮಾಡಿ, ಅಂದರೆ ಹೊಸ ಕೋಡನ್ನು ಬಳಕೆದಾರರಿಗೆ ಬಿಟ್ಟು, ಶನಿವಾರ ಪೂರ್ತಿ ಆಫೀಸಿನಲ್ಲಿ ಕೂತ ಕಥೆ. ಸಿಲ್ಕ್ ಬೋರ್ಡ್ ಟ್ರಾಫಿಕ್. ಪಿಜಿಯ ಸಾರು. ಬಾಡಿಗೆ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಓನರ್, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಅದರಲ್ಲಿ ಹಿಡಿದುಕೊಳ್ಳುವ ದುಡ್ಡು. 2004ರಲ್ಲಿ ಬೆಂಗಳೂರಿಗೆ ಬಂದವರೂ 2024ರಲ್ಲಿ ಬಂದವರೂ ಇದನ್ನೆಲ್ಲ ಪಟ್ಟಿರುತ್ತಾರೆ. ನಿಮ್ಮ ಮೊದಲ ತಮಾಷೆ ಇಲ್ಲಿಂದಲೇ ಹುಟ್ಟಲಿ.

ಮೀಮ್ ಅರ್ಥವಾಗದಿದ್ದರೆ ಎಲ್ಲರ ಮುಂದೆ "ಏನಿದು, ಬಿಡಿಸಿ ಹೇಳಿ" ಅನ್ನಬೇಡಿ. ಬಿಡಿಸಿ ಹೇಳಿದರೆ ಯಾವ ಜೋಕೂ ಉಳಿಯಲ್ಲ. ಆಮೇಲೆ ಒಬ್ಬರನ್ನು ಪಕ್ಕಕ್ಕೆ ಕರೆದು ಕೇಳಿ. ಹೀಗೆ ಕೇಳುವುದರಿಂದಲೇ ಎಷ್ಟೋ ಸಲ ಒಳ್ಳೆಯ ಗೆಳೆತನ ಬೆಳೆಯುತ್ತದೆ.

ಹಂತ 2: ಕರೆಯುವ ರೀತಿ ಸರಿಮಾಡಿಕೊಳ್ಳಿ

ಬೆಂಗಳೂರಿನ ಹೆಚ್ಚಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ತೊಂದರೆ ಇಲ್ಲ. ಮಾತು ಕನ್ನಡಕ್ಕೆ ತಿರುಗಿದಾಗ ತೊಡಕು ಶುರುವಾಗುತ್ತದೆ. ಹುಡುಗರು ನಿಮ್ಮನ್ನು "ಸರ್, ನೀವು" ಅನ್ನುತ್ತಾರೆ, ನೀವು ಅವರನ್ನು "ನೀನು" ಅನ್ನುತ್ತೀರಿ. ನೀವು ಪ್ರೀತಿಯಿಂದಲೇ ಅಂದಿರಬಹುದು. ಆದರೂ ಆ ಒಂದು ಮಾತಿಗೆ ನೀವು ಮೇಲೆ, ಅವರು ಕೆಳಗೆ ಅಂತಾಗುತ್ತದೆ. ಮೇಲಿನಿಂದ ಬಂದ ತಮಾಷೆ ಬೈಗುಳದ ಥರ ಕೇಳಿಸುತ್ತದೆ. ಹಾಗಾಗಿ "ನೀವು" ಅಂತಲೇ ಶುರು ಮಾಡಿ. ಅವರಾಗಿಯೇ "ಸರ್, ನೀನು ಅಂತಲೇ ಅನ್ನಿ" ಅಂದ ಮೇಲೆ ಬದಲಾಯಿಸಿ. ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ.

ಅವರ ಮಾತನ್ನು ಸಾಲ ತರಬೇಡಿ. "ಮಚ್ಚಾ", "ಮಗಾ" ಅಂತ ಅವರು ಅವರವರಲ್ಲಿ ಕರೆದುಕೊಳ್ಳುತ್ತಾರೆ. ನೀವು ಅಂದರೆ ಎಲ್ಲರಿಗೂ ಒಂಥರಾ ಮುಜುಗರ. ಇದಕ್ಕೇ ಅವರು "ಕ್ರಿಂಜ್" ಅನ್ನುವುದು: ಬೇರೆಯವರು ಮಾಡುವುದನ್ನು ನೋಡಿ ನಮಗೆ ನಾಚಿಕೆಯಾಗುವುದು. ನಿಮ್ಮ ಕಾಲೇಜು ದಿನಗಳ "ಗುರು", "ಸಖತ್", "ಬೊಂಬಾಟ್" ಇವೆಯಲ್ಲ, ಅವನ್ನೇ ಧಾರಾಳವಾಗಿ ಬಳಸಿ. ಅವು ನಿಮ್ಮ ಬಾಯಲ್ಲಿ ಚೆನ್ನಾಗಿ ಕೂರುತ್ತವೆ.

ಟೀಮಿನಲ್ಲಿ ಮಲಯಾಳಿಗಳು, ತಮಿಳರು, ಬಿಹಾರದವರು ಎಲ್ಲ ಇದ್ದೇ ಇರುತ್ತಾರೆ. ಇಬ್ಬರು ಕನ್ನಡದವರು ಕನ್ನಡದಲ್ಲಿ ನಕ್ಕರೆ ಉಳಿದವರಿಗೆ ಒಂದು ಸಾಲಿನಲ್ಲಿ ಅರ್ಥ ಹೇಳಿ. ಅದು ಕನ್ನಡ ಕಲಿಸಲು ಒಳ್ಳೆಯ ದಾರಿಯೂ ಹೌದು. ತಮಾಷೆಯಾಗಿ ಕಲಿತ ಮಾತನ್ನು ಯಾರೂ ಬೇಗ ಮರೆಯಲ್ಲ.

ಹಂತ 3: ವಯಸ್ಸಿನ ಬಗ್ಗೆ ನಗಿ, ಯೋಗ್ಯತೆಯ ಬಗ್ಗೆ ಬೇಡ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಈ ಹಂತವನ್ನು ಇಟ್ಟುಕೊಳ್ಳಿ.

ಚಿಕ್ಕವರ ಮಧ್ಯೆ ಇರುವ ಹಿರಿಯರು ಸುಲಭವಾಗಿ ಹಿಡಿಯುವ ದಾರಿ ತಮ್ಮನ್ನೇ ಗೇಲಿ ಮಾಡಿಕೊಳ್ಳುವುದು. ಅದು ಒಳ್ಳೆಯ ದಾರಿಯೇ. ಆದರೆ ಯಾವುದನ್ನು ಗೇಲಿ ಮಾಡುತ್ತೀರಿ ಅನ್ನುವುದು ಮುಖ್ಯ. ಚಾಳೀಸು ಬಂದು ಕನ್ನಡಕ ಹಣೆಗೆ ಏರಿಸಿ ಫೋನ್ ದೂರ ಹಿಡಿದು ಓದುವುದು, ಟೀಮ್ ಔಟಿಂಗ್‌ಗೆ ಸಾವನದುರ್ಗ ಹತ್ತಿ ಬಂದು ಸೋಮವಾರ ಲಿಫ್ಟ್ ಬಿಟ್ಟು ಬೇರೇನೂ ನೋಡದಿರುವುದು, ರಾತ್ರಿ ಹತ್ತಕ್ಕೇ ಪಾರ್ಟಿಯಲ್ಲಿ ಆಕಳಿಸುವುದು, ಇದೆಲ್ಲ ನಗಲಿಕ್ಕೆ ಒಳ್ಳೆಯ ವಿಷಯ. ಇದರಿಂದ ನಿಮ್ಮ ಕೆಲಸಕ್ಕೆ ಏನೂ ಕುಂದಿಲ್ಲ.

"ನನಗೆ ಈ ಹೊಸ ಟೂಲ್ ಎಲ್ಲ ತಲೆಗೆ ಹತ್ತಲ್ಲಪ್ಪ, ವಯಸ್ಸಾಯ್ತು" ಅನ್ನುವ ಮಾತು ಬೇರೆ. ಮೊದಲ ಸಲ ಎಲ್ಲರೂ ನಗುತ್ತಾರೆ. ಹತ್ತನೇ ಸಲಕ್ಕೆ ನಂಬುತ್ತಾರೆ. ಹೊಸ ಪ್ರಾಜೆಕ್ಟ್ ಬಂದಾಗ "ಅವರಿಗೆ ಕಷ್ಟ ಆಗುತ್ತೆ, ಬೇರೆಯವರಿಗೆ ಕೊಡೋಣ" ಅನ್ನುತ್ತಾರೆ. ಅಪ್ರೈಸಲ್ ಹೊತ್ತಿಗೆ, ಅಂದರೆ ವರ್ಷದ ಕೆಲಸ ಅಳೆದು ಸಂಬಳ ತೀರ್ಮಾನಿಸುವ ಹೊತ್ತಿಗೆ, ನೀವೇ ಆಡಿದ ಮಾತು ನಿಮ್ಮ ಎದುರಿಗೆ ಬಂದು ನಿಲ್ಲುತ್ತದೆ. ಆಗ "ಅದು ತಮಾಷೆಗೆ ಅಂದಿದ್ದು" ಅಂದರೆ ಪ್ರಯೋಜನ ಇಲ್ಲ. ಕನ್ನಡಕದ ಬಗ್ಗೆ ಜೋಕ್ ಮಾಡಿ, ಕೋಡಿನ ಬಗ್ಗೆ ಮಾಡಬೇಡಿ.

ಅವರ ವಿಷಯದಲ್ಲೂ ಇದೇ ಅಳತೆ. ಅವರ ಕಿವಿಯಿಂದ ಇಳಿಯದ ಹೆಡ್‌ಫೋನ್ ಬಗ್ಗೆ, 12 ಗಂಟೆಗೆ ತಿನ್ನುವ ಬೆಳಗಿನ ತಿಂಡಿ ಬಗ್ಗೆ ಧಾರಾಳವಾಗಿ ಕಾಲೆಳೆಯಿರಿ. "ಚಾಟ್‌ಜಿಪಿಟಿ ಇಲ್ಲದಿದ್ದರೆ ನಿಮಗೆ ಒಂದು ಲೈನ್ ಬರೆಯಲೂ ಬರಲ್ಲ" ಅನ್ನಬೇಡಿ. ಅದು ತಮಾಷೆಯ ವೇಷದಲ್ಲಿರುವ ಅವಮಾನ. ಕೋಡಿನಲ್ಲಿ ತಪ್ಪಿದ್ದರೆ ಅದನ್ನು ಪಕ್ಕದಲ್ಲಿ ಕೂತು ತೋರಿಸಿ.

ಹಂತ 4: ಹಳೇ ಕಥೆಯನ್ನು ಕತ್ತರಿಸಿ ಹೇಳಿ

"ನಮ್ಮ ಕಾಲದಲ್ಲಿ" ಅಂತ ಶುರುವಾಗುವ ಕಥೆ ಹೇಳಲೇಬಾರದು ಅಂತ ಕೆಲವರು ಸಲಹೆ ಕೊಡುತ್ತಾರೆ. ನಾನು ಒಪ್ಪಲ್ಲ. ಹುಡುಗರಿಗೆ ಹಳೇ ಕಥೆ ಇಷ್ಟವೇ. ಉದ್ದವಾದ ಕಥೆ ಇಷ್ಟ ಇಲ್ಲ, ಅಷ್ಟೆ.

ಒಂದು ಉದಾಹರಣೆ ನೋಡೋಣ. ಈಗ ಎಲ್ಲ ಕಡೆ ಬಳಸುವ ಗಿಟ್ ಅನ್ನುವ ತಂತ್ರಾಂಶ ಬಂದದ್ದು 2005ರಲ್ಲಿ. ಒಂದೇ ಕೋಡನ್ನು ಹಲವರು ತಿದ್ದುವಾಗ ಯಾರು ಏನು ಬದಲಾಯಿಸಿದರು ಅಂತ ಅದು ಲೆಕ್ಕ ಇಡುತ್ತದೆ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆ ಥರ ತಿದ್ದಿದರೆ ತಕರಾರು ತೆಗೆಯುತ್ತದೆ. ಅದಕ್ಕೆ ಮರ್ಜ್ ಕಾನ್‌ಫ್ಲಿಕ್ಟ್ ಅನ್ನುತ್ತಾರೆ. ಅದಕ್ಕೂ ಮುಂಚೆ ಬಹಳ ಆಫೀಸುಗಳಲ್ಲಿ ಮೈಕ್ರೋಸಾಫ್ಟ್‌ನ ವಿಷುಯಲ್ ಸೋರ್ಸ್‌ಸೇಫ್ ಇತ್ತು. ಅದರಲ್ಲಿ ಸಾಮಾನ್ಯವಾಗಿ ಒಬ್ಬರು ಫೈಲ್ ತೆಗೆದುಕೊಂಡರೆ ವಾಪಸ್ ಇಡುವ ತನಕ ಬೇರೆಯವರು ಅದನ್ನು ತಿದ್ದುವ ಹಾಗಿರಲಿಲ್ಲ.

ಈಗ ಒಬ್ಬ ಹುಡುಗ ಕಾನ್‌ಫ್ಲಿಕ್ಟ್ ಬಂತು ಅಂತ ತಲೆ ಕೆರೆದುಕೊಳ್ಳುತ್ತಿದ್ದಾನೆ ಅಂದುಕೊಳ್ಳಿ. ಹೆಚ್ಚಿನವರು ಹೀಗೆ ಹೇಳುತ್ತಾರೆ:

"ನಮ್ಮ ಕಾಲದಲ್ಲಿ ಗಿಟ್ ಅಂತ ಇರಲಿಲ್ಲ. ಸೋರ್ಸ್‌ಸೇಫ್ ಅಂತ ಇತ್ತು. ಆಗ ನಾನು ಏರ್‌ಪೋರ್ಟ್ ರೋಡಿನಲ್ಲಿ ಕೆಲಸ ಮಾಡ್ತಿದ್ದೆ. ಏರ್‌ಪೋರ್ಟ್ ಅಂದರೆ ದೇವನಹಳ್ಳಿ ಅಲ್ಲ, ಹಳೇದು, ಎಚ್‌ಎಎಲ್ ಹತ್ರ. ಆಗ ಅಲ್ಲಿ ಫ್ಲೈಓವರ್ ಇನ್ನೂ..."

ಕಥೆ ಫ್ಲೈಓವರ್ ಹತ್ತುವ ಹೊತ್ತಿಗೆ ಅವನ ಕಣ್ಣು ಫೋನಿಗೆ ಹೋಗಿರುತ್ತದೆ. ಅದನ್ನೇ ಹೀಗೆ ಹೇಳಿ ನೋಡಿ:

"ನಿಮಗೆ ಕಾನ್‌ಫ್ಲಿಕ್ಟ್ ಆದರೂ ಬರುತ್ತೆ. ನಮ್ಮಲ್ಲಿ ಒಬ್ಬ ಫೈಲ್ ಲಾಕ್ ಮಾಡಿಟ್ಟು ದೀಪಾವಳಿಗೆ ಶಿರಸಿಗೆ ಹೋದ. ಲಾಕ್ ತೆಗೀಬೇಕಾದ ಅಡ್ಮಿನ್ನೂ ಊರಿಗೆ ಹೋಗಿದ್ದ. ನಾಲ್ಕು ದಿನ ಇಡೀ ಟೀಮಿಗೆ ದೀಪಾವಳಿ."

ಎರಡನೆಯದು ಯಾಕೆ ಚೆನ್ನಾಗಿದೆ? ಅವನ ಇವತ್ತಿನ ಕಷ್ಟದಿಂದ ಶುರುವಾಗುತ್ತದೆ. ನಾಲ್ಕೇ ವಾಕ್ಯ. ನಗು ಬರುವ ಮಾತು ಕೊನೆಯಲ್ಲಿದೆ. ಎಲ್ಲಕ್ಕಿಂತ ಮುಖ್ಯವಾಗಿ, "ನಾವು ಕಷ್ಟಪಟ್ಟೆವು, ನಿಮಗೆ ಎಲ್ಲ ಸುಲಭ" ಅನ್ನುವ ಉಪದೇಶ ಅದರಲ್ಲಿ ಇಲ್ಲ. ಆ ಉಪದೇಶ ಬಂದ ತಕ್ಷಣ ಕಥೆ ಸತ್ತ ಹಾಗೆ.

ಹೀಗೆ ಹೇಳಬಹುದಾದ ಸರಕು ನಿಮ್ಮ ಹತ್ತಿರ ಬೇಕಾದಷ್ಟಿದೆ. ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 1.44 ಎಂಬಿ. ಈಗ ಫೋನಿನಲ್ಲಿ ತೆಗೆದ ಒಂದು ಫೋಟೋ ಇಡಲು ಒಂದು ಫ್ಲಾಪಿ ಸಾಲುವುದಿಲ್ಲ. ಎಷ್ಟೋ ಹುಡುಗರಿಗೆ ಫ್ಲಾಪಿ ಅಂದರೆ 'ಸೇವ್' ಬಟನ್ನಿನ ಚಿತ್ರ ಮಾತ್ರ. ಒಂದು ಕಾಲಕ್ಕೆ ಮೊಬೈಲಿಗೆ ಬರುವ ಕಾಲ್‌ಗೂ ದುಡ್ಡು ಕೊಡಬೇಕಿತ್ತು. ಆರ್ಕುಟ್‌ನಲ್ಲಿ ಗೆಳೆಯರಿಗೆ ಬರೆಯುತ್ತಿದ್ದ ಉದ್ದುದ್ದ ಟೆಸ್ಟಿಮೋನಿಯಲ್ ನೆನಪಿದೆಯಲ್ವಾ? ಆರ್ಕುಟ್ 2014ರಲ್ಲಿ ಮುಚ್ಚಿತು, ಈಗಿನ ಹುಡುಗರಲ್ಲಿ ಎಷ್ಟೋ ಜನ ಅದನ್ನು ತೆರೆದೇ ನೋಡಿಲ್ಲ. ಆದರೆ ಎಲ್ಲವನ್ನೂ ಒಂದೇ ದಿನ ಖರ್ಚು ಮಾಡಬೇಡಿ. ಒಂದು ಊಟಕ್ಕೆ ಒಂದು ಕಥೆ ಸಾಕು. ಅವರೇ "ಇನ್ನೊಂದು ಹೇಳಿ" ಅಂದರೆ ಮಾತ್ರ ಇನ್ನೊಂದು.

ಹಂತ 5: ಚಾಟ್‌ನಲ್ಲಿ ಬರೆಯುವಾಗ

ಮುಖ ನೋಡಿ ಹೇಳುವ ತಮಾಷೆ ಬೇರೆ, ಬರೆದ ತಮಾಷೆ ಬೇರೆ. 40 ದಾಟಿದವರಲ್ಲಿ ಬಹಳ ಜನರಿಗೆ ವಾಕ್ಯದ ಕೊನೆಗೆ ಮೂರು ಚುಕ್ಕಿ ಇಡುವ ಅಭ್ಯಾಸ. ನಮಗೆ ಅದು ಸುಮ್ನೆ ಒಂದು ವಿರಾಮ. ಎಷ್ಟೋ ಹುಡುಗರಿಗೆ ಅದು ಸಿಟ್ಟಿನ ಗುರುತು. "ಓಕೆ..." ಅಂತ ಬಂದರೆ ಏನೋ ತಪ್ಪಾಗಿದೆ ಅಂತ ಅವರು ಗಾಬರಿಯಾಗುತ್ತಾರೆ. ಬರೀ ಹೆಬ್ಬೆರಳಿನ ಗುರುತು ಕಳಿಸಿದರೂ ಕೆಲವರಿಗೆ ಅದು "ಸರಿ, ಸಾಕು" ಅಂದ ಹಾಗೆ.

ಟೀಮಿನ ಹುಡುಗಿಯೊಬ್ಬಳಿಗೆ "ಸಂಜೆ ಸಿಗು..." ಅಂತ ಬರೆದರೆ ಅವಳು ಸಂಜೆವರೆಗೂ ಕೆಲಸ ಹೋಗುತ್ತದೆ ಅಂತ ಹೆದರಿ ಕೂತಿರುತ್ತಾಳೆ. "ಐದಕ್ಕೆ ಎರಡು ನಿಮಿಷ ಸಿಗ್ತೀರಾ? ಕ್ಲೈಂಟ್‌ಗೆ ಲೋಗೋ ಇನ್ನೂ ದೊಡ್ಡದು ಬೇಕಂತೆ. ಹೀಗೇ ಹೋದರೆ ಸ್ಕ್ರೀನಲ್ಲಿ ಲೋಗೋ ಮಾತ್ರ ಉಳಿಯುತ್ತೆ" ಅಂತ ಬರೆಯಿರಿ. ಕಾರಣವೂ ತಿಳಿಯಿತು, ನಗುವೂ ಬಂತು, ಹೆದರಿಕೆಯೂ ಹೋಯಿತು.

ಎಮೋಜಿ ಬಗ್ಗೆ ಒಂದು ಮಾತು. ಕಣ್ಣಲ್ಲಿ ನೀರು ಬರುವ ಹಾಗೆ ನಗುವ ಹಳದಿ ಮುಖವನ್ನು ಆಕ್ಸ್‌ಫರ್ಡ್ ನಿಘಂಟಿನವರು 2015ರ ವರ್ಷದ ಪದ ಅಂತ ಆರಿಸಿದ್ದರು. ಈಗ ಬಹಳ ಹುಡುಗರ ಕಣ್ಣಿಗೆ ಅದು ಅಪ್ಪ-ಅಮ್ಮಂದಿರ ಎಮೋಜಿ. ಅವರು ನಗು ತೋರಿಸಲು ತಲೆಬುರುಡೆ ಹಾಕುತ್ತಾರೆ, ನಕ್ಕು ನಕ್ಕು ಸತ್ತೆ ಅನ್ನುವ ಅರ್ಥದಲ್ಲಿ. ನಿಮ್ಮ ಮೆಸೇಜಿಗೆ ತಲೆಬುರುಡೆ ಬಂದರೆ ಗಾಬರಿ ಬೇಡ, ಖುಷಿಪಡಿ. ನೀವೂ ಅದನ್ನೇ ಹಾಕಬೇಕು ಅಂತೇನಿಲ್ಲ. ನಿಮ್ಮ ಹಳದಿ ಮುಖವನ್ನೇ ಧೈರ್ಯವಾಗಿ ಬಳಸಿ. ಯಾರದ್ದಾದರೂ ಸಾವಿನ ಸುದ್ದಿಗೆ ಮಾತ್ರ ಯಾವ ಎಮೋಜಿಯನ್ನೂ ಹಾಕದೆ ನಾಲ್ಕು ಮಾತು ಬರೆಯಿರಿ.

ಹಂತ 6: ಮುಟ್ಟಬಾರದ ವಿಷಯಗಳು

ಮೈಬಣ್ಣ, ತೂಕ, ಬಟ್ಟೆ, ಜಾತಿ, ಧರ್ಮ, ಸಂಬಳ ಇವುಗಳ ಬಗ್ಗೆ ತಮಾಷೆ ಬೇಡ. "ಮದುವೆ ಯಾವಾಗ?" ಕೂಡ ಬೇಡ. ನಮ್ಮ ಕಡೆ ಅದು ಕುಶಲ ಕೇಳಿದ ಹಾಗೆ, ನಿಜ. ಮನೆಯಲ್ಲಿ ದಿನಾ ಅದನ್ನೇ ಕೇಳಿ ಸಾಕಾಗಿ ಆಫೀಸಿಗೆ ಬಂದವರಿಗೆ ಹಾಗನ್ನಿಸಲ್ಲ. ಕಲಬುರಗಿಯ ಕನ್ನಡ, ಮಂಗಳೂರಿನ ಕನ್ನಡ ಅಂತ ಮಾತಿನ ಧಾಟಿಯನ್ನು ಅಣಕಿಸಬೇಡಿ. ಮಾನಸಿಕ ಆರೋಗ್ಯಕ್ಕೆ ಅಂತ ರಜೆ ಹಾಕಿದವರಿಗೆ "ನಮಗೆಲ್ಲ ಇಂಥ ರಜೆ ಇರಲಿಲ್ಲ" ಅನ್ನುವುದು ಕ್ರೂರ. ಕೆಲಸದಿಂದ ತೆಗೆಯುವ ಸುದ್ದಿ ಓಡಾಡುತ್ತಿರುವಾಗ ಅದರ ಬಗ್ಗೆ ಜೋಕ್ ಮಾಡಬೇಡಿ. ನಿಮ್ಮ ಹತ್ತಿರ ಉಳಿತಾಯ ಇರಬಹುದು, ಅವರು ಎಜುಕೇಶನ್ ಲೋನ್ ಕಟ್ಟುತ್ತಿರಬಹುದು.

ಕಾನೂನೂ ಗೊತ್ತಿರಲಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನು ಆಫೀಸುಗಳಲ್ಲಿ 'ಪೋಶ್' ಅನ್ನುತ್ತಾರೆ. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ವಿಚಾರಿಸಲು ಆಂತರಿಕ ಸಮಿತಿ ಇರಲೇಬೇಕು. ಎದುರಿನವರಿಗೆ ಬೇಡವಾದ ಲೈಂಗಿಕ ಅರ್ಥದ ಮಾತೂ ಕಿರುಕುಳವೇ ಅನ್ನುತ್ತದೆ ಕಾಯ್ದೆ. ಡಬಲ್ ಮೀನಿಂಗ್ ಜೋಕನ್ನು "ತಮಾಷೆಗೆ ಅಂದೆ" ಅಂತ ಸಮರ್ಥಿಸಿಕೊಳ್ಳುವ ಹಾಗಿಲ್ಲ. ಕಾಲೇಜು ಗೆಳೆಯರ ಗ್ರೂಪಿನಲ್ಲಿ ನಡೆಯುವುದು ಅಲ್ಲೇ ಇರಲಿ.

ಜೋಕ್ ಕೆಟ್ಟರೆ? ಯಾರ ಮುಖವಾದರೂ ಸಪ್ಪಗಾದರೆ ಅದೇ ದಿನ ಒಬ್ಬರೇ ಇದ್ದಾಗ ಹೋಗಿ, "ನಾನು ಹಾಗೆ ಅನ್ನಬಾರದಿತ್ತು, ಸಾರಿ" ಅನ್ನಿ. ಅಷ್ಟೇ ಸಾಕು. "ನೀವು ತಪ್ಪು ತಿಳ್ಕೊಂಡ್ರಿ" ಅಂತ ಶುರು ಮಾಡಿದರೆ ಅದು ಕ್ಷಮೆ ಅಲ್ಲ, ಎರಡನೇ ಪೆಟ್ಟು.

ಹಂತ 7: ಅವರು ನಿಮ್ಮ ಕಾಲೆಳೆದಾಗ

ಹಿರಿಯರ ಜೋಕಿಗೆ ಕಿರಿಯರು ನಗುತ್ತಾರೆ. ಅಪ್ರೈಸಲ್ ಬರೆಯುವವರ ಜೋಕಿಗಂತೂ ಇನ್ನೂ ಜೋರಾಗಿ ನಗುತ್ತಾರೆ. ಆ ನಗುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಿಮ್ಮ ಎದುರಿಗೇ ಅವರು ನಿಮ್ಮ ಕಾಲೆಳೆಯುತ್ತಾರಾ ಅಂತ ನೋಡಿ. ಸ್ಟ್ಯಾಂಡ್‌ಅಪ್‌ನಲ್ಲಿ ನೀವು ಮ್ಯೂಟ್‌ನಲ್ಲೇ ಅರ್ಧ ನಿಮಿಷ ಮಾತಾಡಿದಿರಿ, ಒಬ್ಬ ಹುಡುಗ "ಸರ್, ಸೂಪರ್ ಆಗಿ ಹೇಳಿದ್ರಿ, ಈಗ ಸೌಂಡ್ ಜೊತೆ ಹೇಳಿ" ಅಂದ. ಹಾಗೆ ಅಂದ ದಿನ ನೀವು ಆ ಟೀಮಿನವರಾದಿರಿ. ನಕ್ಕುಬಿಡಿ. ತಿರುಗಿ ಇನ್ನೊಂದು ಹೇಳಿ ಗೆಲ್ಲಲು ಹೋಗಬೇಡಿ.

"ಅಂಕಲ್" ಅಂದರೆ? ಎಲ್ಲರೂ ನಗುವ ಹೊತ್ತಲ್ಲಿ ಪ್ರೀತಿಯಿಂದ ಒಂದು ಸಲ ಅಂದರೆ ಬಿಟ್ಟುಬಿಡಿ. ದಿನಾ ಅಂದರೆ, ಅಥವಾ ಕ್ಲೈಂಟ್ ಮುಂದೆ ಅಂದರೆ, ಸಿಟ್ಟಾಗದೆ "ಹೆಸರು ಹಿಡಿದೇ ಕರೀರಿ, ನನಗೆ ಅದೇ ಇಷ್ಟ" ಅನ್ನಿ.

ಇಲ್ಲಿ ಒಂದು ಎಚ್ಚರಿಕೆ. ತಮಾಷೆಯ ಜೊತೆಗೆ ಕೆಲಸವೂ ಕೈತಪ್ಪುತ್ತಿದ್ದರೆ, ಅಂದರೆ ಮೀಟಿಂಗಿಗೆ ಕರೆಯುತ್ತಿಲ್ಲ, ಟ್ರೇನಿಂಗ್ ಪಟ್ಟಿಯಲ್ಲಿ ಹೆಸರಿಲ್ಲ, "ಅವರಿಗೆ ಅದೆಲ್ಲ ಯಾಕೆ" ಅಂತ ನಗುತ್ತಾರೆ ಅಂತಾದರೆ, ಅಲ್ಲಿ ನೀವು ನಗಬೇಡಿ. ಮ್ಯಾನೇಜರ್ ಹತ್ತಿರ ನೇರವಾಗಿ ಮಾತಾಡಿ. ಯಾವ ಮೀಟಿಂಗ್, ಯಾವ ತಾರೀಖು ಅಂತ ಬರೆದಿಟ್ಟುಕೊಂಡು ಹೋಗಿ. ಒಳ್ಳೆಯತನಕ್ಕೆ ಅಂತ ಅದನ್ನೂ ನಕ್ಕು ನುಂಗಿದವರು ಆಮೇಲೆ ಬಹಳ ನೊಂದಿದ್ದಾರೆ.

ಹಂತ 8: ಮ್ಯಾನೇಜರೇ ಚಿಕ್ಕವರಾದರೆ

ನಿಮಗೆ 44, ಮ್ಯಾನೇಜರ್‌ಗೆ 31. ಈಗ ಇದು ಮಾಮೂಲು. "ನೀವು ಎಸ್‌ಎಸ್‌ಎಲ್‌ಸಿ ಬರೆಯೋ ಹೊತ್ತಿಗೆ ನಾನು ಇದೇ ಕೆಲಸ ಮಾಡ್ತಿದ್ದೆ" ಅನ್ನುವ ಮಾತು ನಾಲಿಗೆ ತುದಿಗೆ ಬರುತ್ತದೆ. ನುಂಗಿಕೊಳ್ಳಿ. ಟೀಮಿನ ಮುಂದೆ ಅವರ ವಯಸ್ಸಿನ ಬಗ್ಗೆ ಮಾಡುವ ಯಾವ ಜೋಕೂ ಅವರ ಕುರ್ಚಿಯನ್ನು ಅಲುಗಾಡಿಸುತ್ತದೆ. ಅವರು ಅದನ್ನು ಮರೆಯಲ್ಲ. ಒತ್ತಡದ ಮೀಟಿಂಗಿನಲ್ಲಿ ಎಲ್ಲರೂ ಬಿಗಿಯಾಗಿ ಕೂತಿರುವಾಗ ಒಂದು ಹಗುರ ಮಾತು ಆಡಿ ಅವರಿಗೆ ಉಸಿರಾಡಲು ಜಾಗ ಮಾಡಿಕೊಟ್ಟರೆ ಅದನ್ನೂ ಅವರು ಮರೆಯಲ್ಲ.

ಹಂತ 9: ಮೈಕ್ ಕೈಗೆ ಬಂದಾಗ

ಆಫೀಸಿನ ರಾಜ್ಯೋತ್ಸವಕ್ಕೆ ಹುಡುಗರು ಸ್ಕಿಟ್ ಮಾಡುತ್ತಿದ್ದರೆ ಪಾತ್ರ ಕೇಳಿ. ದೊಡ್ಡ ಪಾತ್ರ ಬೇಡ, ಆಟೋ ಡ್ರೈವರೋ ಮನೆ ಓನರೋ ಸಾಕು. ರಿಹರ್ಸಲ್‌ಗೆ ಮಾತ್ರ ತಪ್ಪದೆ ಹೋಗಿ, ಯಾಕೆಂದರೆ ನಿಜವಾದ ನಗು ಇರುವುದು ಅಲ್ಲೇ.

ಯಾರಾದರೂ ಕೆಲಸ ಬಿಟ್ಟು ಹೋಗುವ ದಿನ "ಸರ್, ನೀವು ಎರಡು ಮಾತಾಡಿ" ಅಂತ ನಿಮ್ಮನ್ನೇ ಮುಂದೆ ತಳ್ಳುತ್ತಾರೆ. ಎರಡು ನಿಮಿಷ ಮೀರಬೇಡಿ. ಈ ಟೀಮಿಗೆ ಮಾತ್ರ ಗೊತ್ತಿರುವ ಒಂದು ನಗುವಿನ ಪ್ರಸಂಗ ಹೇಳಿ. ಅವರು ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ಹೆಸರಿಸಿ. ಬದುಕಿನ ಬಗ್ಗೆ ಬುದ್ಧಿಮಾತು ಬೇಡ. ಬೆಳಿಗ್ಗೆಯೇ ಅವರನ್ನು ಒಮ್ಮೆ ಕೇಳಿಕೊಳ್ಳಿ: "ಆ ಶುಕ್ರವಾರದ ಡಿಪ್ಲಾಯ್ ಕಥೆ ಹೇಳಲಾ?" ಬೇಡ ಅಂದರೆ ಬೇರೆ ಕಥೆ ಹುಡುಕಿ.